635 ಸಿಎಸ್‌ಐ ಮಾರಿ 300 ಸಿಇ ಉಳಿಸಿಕೊಂಡದ್ದು: ಮೂರು ಹಳೆಯ ಜರ್ಮನ್ ಕೂಪೆಗಳ ಹೋಲಿಕೆ

ನನ್ನ ಬಳಿ ಈಗ ಇರುವುದು 1988ರ ಮರ್ಸಿಡಿಸ್-ಬೆಂಜ್ 300 ಸಿಇ. ಅದಕ್ಕೆ ಮೊದಲು ಎರಡೂವರೆ ವರ್ಷ 1985ರ ಬಿಎಂಡಬ್ಲ್ಯು 635 ಸಿಎಸ್‌ಐ ಇಟ್ಟುಕೊಂಡಿದ್ದೆ. ಈ ಎರಡರ ನಡುವೆ, ಗೆಳೆಯರೊಬ್ಬರು ಕೆಲಸದ ಮೇಲೆ ದೂರ ಹೋಗಿದ್ದಾಗ, ಅವರ ಪೋರ್ಷೆ 944 ಕಾರನ್ನು ನಾಲ್ಕು ತಿಂಗಳು ನಾನೇ ಓಡಿಸಿದೆ, ನಾನೇ ನೋಡಿಕೊಂಡೆ. ಎರಡೇ ಬಾಗಿಲಿನ ಈ ಮೂರು ಕೂಪೆಗಳಲ್ಲಿ ನನ್ನ ಒಲವು 300 ಸಿಇ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓಡಿಸುವ ಸುಖವೊಂದನ್ನೇ ಅಳೆದರೆ 635ರದ್ದೇ ಮೇಲುಗೈ. ಆದರೂ ಅದನ್ನು ಮಾರಿದೆ, ಮತ್ತು ಹಾಗೆ ಮಾಡುವಂತಾದದ್ದು ಅದರ ಎಂಜಿನ್ನಿನಿಂದಲ್ಲ, ನಾಲ್ಕು ಟಯರ್‌ಗಳಿಂದ.

635 ಕೊಳ್ಳುವಾಗ ನೋಡಬೇಕಾದದ್ದನ್ನೆಲ್ಲ ನೋಡಿದ್ದೇನೆಂದೇ ನಂಬಿದ್ದೆ. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿ ಹೊಗೆಯ ಬಣ್ಣ ನೋಡಿದೆ, ಗೇರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ, ಟಯರ್‌ಗಳ ಗೀರು ಸಾಕಷ್ಟು ಆಳವಿದೆಯೆಂದು ಸಮಾಧಾನಪಟ್ಟುಕೊಂಡೆ. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ್ದ ಅಳತೆಯನ್ನು ಮಾತ್ರ ಓದಲಿಲ್ಲ. ಅಲ್ಲಿದ್ದದ್ದು 220/55 ವಿಆರ್ 390. ಆ ಕೊನೆಯ ಸಂಖ್ಯೆ ಇಂಚಿನದಲ್ಲ, ಮಿಲಿಮೀಟರಿನದು. ಇದು ಮಿಶೆಲಿನ್ ಕಂಪನಿ 1970ರ ದಶಕದಲ್ಲಿ ರೂಪಿಸಿದ ಟಿಆರ್‌ಎಕ್ಸ್ ಎಂಬ ಬಗೆ. ಇದರಲ್ಲಿ ಟಯರನ್ನೂ ರಿಮ್ಮನ್ನೂ ಒಂದಕ್ಕೊಂದು ಜೋಡಿಯಾಗಿಯೇ ವಿನ್ಯಾಸ ಮಾಡಲಾಗಿತ್ತು. ರಿಮ್ಮಿನ ಅಂಚನ್ನು ತಗ್ಗಿಸಿ, ಟಯರಿನ ಪಕ್ಕದ ಗೋಡೆ ಸಹಜವಾಗಿ ಬಾಗುವಂತೆ ಮಾಡಿದ್ದರಿಂದ ಮೆತ್ತನೆಯ ಸವಾರಿಯೂ ತಿರುವಿನಲ್ಲಿ ಒಳ್ಳೆಯ ಹಿಡಿತವೂ ಒಟ್ಟಿಗೆ ಸಿಗುತ್ತಿದ್ದವು. ಆ ಕಾಲಕ್ಕೆ ಅದು ನಿಜವಾಗಿಯೂ ಮುಂದುವರಿದ ವಿನ್ಯಾಸವೇ. ಆದರೆ 390 ಮಿಲಿಮೀಟರ್ ಎಂದರೆ ಸುಮಾರು 15.35 ಇಂಚು. 15 ಇಂಚಿನ ಟಯರ್ ಆ ರಿಮ್ಮಿಗೆ ಏರುವುದಿಲ್ಲ, 16 ಇಂಚಿನದು ಬಿಗಿಯಾಗಿ ಕೂರುವುದಿಲ್ಲ, ಮತ್ತು ಬಲವಂತವಾಗಿ ಕೂರಿಸುವ ಪ್ರಯತ್ನ ಪ್ರಾಣಕ್ಕೇ ಅಪಾಯ.

ಇದು ನನಗೆ ಗೊತ್ತಾದದ್ದು ಕಾರು ಮನೆಗೆ ಬಂದ ಮೂರನೆಯ ವಾರ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತಿತ್ತೆಂದು ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಲು ಹೋದರೆ, ಅಲ್ಲಿಯವರು ಚಕ್ರ ಬಿಚ್ಚಿ ನೋಡಿ ಕೆಲಸವನ್ನು ಮುಟ್ಟಲೇ ಒಪ್ಪಲಿಲ್ಲ. ಟಯರ್‌ಗಳ ಒಳಬದಿಯಲ್ಲಿ ಸಣ್ಣ ಬಿರುಕುಗಳಿದ್ದವು. ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳನ್ನು ಓದಿದಾಗ ಅವುಗಳ ವಯಸ್ಸು 14 ವರ್ಷವೆಂದು ತಿಳಿಯಿತು. ಹಿಂದಿನ ಮಾಲೀಕರು ಕಾರನ್ನು ಹೆಚ್ಚು ಓಡಿಸಿರಲಿಲ್ಲವಾದ್ದರಿಂದ ಗೀರುಗಳು ಸವೆದಿರಲಿಲ್ಲ, ರಬ್ಬರ್ ಮಾತ್ರ ಸತ್ತುಹೋಗಿತ್ತು. ಈ ಅಳತೆಯ ಹೊಸ ಟಯರ್ ಇಂದಿಗೂ ತಯಾರಾಗುತ್ತದೆ, ಆದರೆ ಹಳೆಯ ಕಾರುಗಳಿಗೆಂದೇ ಸಣ್ಣ ಪ್ರಮಾಣದಲ್ಲಿ. ನಾಲ್ಕಕ್ಕೆ ನನಗೆ ಹೇಳಿದ ಮೊತ್ತ, ಈಗ 300 ಸಿಇಗೆ ಇಡೀ ವರ್ಷದಲ್ಲಿ ನಾನು ಖರ್ಚು ಮಾಡುವುದಕ್ಕಿಂತ ಹೆಚ್ಚು. ಕೊಟ್ಟರೂ ಕಾಯಬೇಕಿತ್ತು.

ಹಾಗಾಗಿ ಕಾರು ನಾಲ್ಕು ತಿಂಗಳು ಸ್ಟ್ಯಾಂಡಿನ ಮೇಲೆ ನಿಂತಿತು. ನಿಂತ ಹಳೆಯ ಕಾರಿಗೆ ಏನೇನಾಗಬೇಕೋ ಅದೆಲ್ಲವೂ ಆಯಿತು: ಬ್ಯಾಟರಿ ಹೋಯಿತು, ಹಿಂದಿನ ಬ್ರೇಕಿನ ಪಿಸ್ಟನ್ ಒಂದು ಕಚ್ಚಿಕೊಂಡಿತು, ಟ್ಯಾಂಕಿನ ಪೆಟ್ರೋಲ್ ಹಳಸಿತು. ಕೊನೆಗೆ ಇಂಚಿನ ಅಳತೆಯ ಬೇರೆ ರಿಮ್ಮುಗಳನ್ನೇ ಹಾಕಲು ತೀರ್ಮಾನಿಸಿದೆ. ಐದು ಬೋಲ್ಟುಗಳು, ಅವುಗಳ ವೃತ್ತದ ವ್ಯಾಸ 120 ಮಿಲಿಮೀಟರ್. ಇಷ್ಟು ಹೊಂದಿದರೆ ಸಾಕೆಂದುಕೊಂಡು ಇನ್ನೊಂದು ಮಾದರಿಯ 16 ಇಂಚಿನ ರಿಮ್ಮುಗಳನ್ನು ತಂದೆ. ಹೊಂದಬೇಕಾದದ್ದು ಇನ್ನೊಂದಿತ್ತು, ಅದು ಆಫ್‌ಸೆಟ್. ರಿಮ್ಮಿನ ನಡುರೇಖೆಯಿಂದ ಬೋಲ್ಟ್ ಕೂರುವ ಮುಖ ಎಷ್ಟು ದೂರವಿದೆ ಎಂಬ ಈ ಲೆಕ್ಕ ಕೆಲವೇ ಮಿಲಿಮೀಟರ್ ತಪ್ಪಿದರೂ ಚಕ್ರ ಒಳಗೆ ಸಸ್ಪೆನ್ಷನ್ನಿಗೋ ಹೊರಗೆ ಮಡ್‌ಗಾರ್ಡಿನ ಅಂಚಿಗೋ ತಾಗುತ್ತದೆ. ನನ್ನದು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಒಳಗೆ ಉಜ್ಜುತ್ತಿತ್ತು. ಅವನ್ನು ಕೊಟ್ಟು, ಸರಿಯಾದ ಆಫ್‌ಸೆಟ್ಟಿನ 15 ಇಂಚಿನ ಇನ್ನೊಂದು ಸೆಟ್ ಹುಡುಕಿ ಹಾಕಿಸುವಷ್ಟರಲ್ಲಿ ಒಟ್ಟು ಏಳು ತಿಂಗಳು ಕಳೆದಿದ್ದವು. ಕಾರಿನ ಚಂದಕ್ಕೆ ಮೂಲ ರಿಮ್ಮುಗಳ ಪಾಲು ಎಷ್ಟು ದೊಡ್ಡದೆಂಬುದು ಅವು ಹೋದ ಮೇಲೆ ತಿಳಿಯಿತು. 1980ರ ದಶಕದ ಯಾವ ಯುರೋಪಿನ ಕಾರನ್ನೇ ನೋಡಲು ಹೋಗಲಿ, ಬಾನೆಟ್ ಎತ್ತಿಸುವ ಮೊದಲು ಮಂಡಿಯೂರಿ ಟಯರಿನ ಮೇಲಿನ ಅಕ್ಷರಗಳನ್ನು ಓದಿ. ಕೊನೆಯಲ್ಲಿ 390 ಅಥವಾ 415 ಎಂದಿದ್ದರೆ ಆ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ ಮಾತಿಗೆ ಕೂರಿ.

ಇಷ್ಟಾದರೂ ನಡುಕ ಪೂರ್ತಿ ಹೋಗಿರಲಿಲ್ಲ. ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದಾಗ ಬರುತ್ತಿದ್ದ ಅದರ ಮೂಲ ಮುಂದಿನ ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳಲ್ಲಿತ್ತು. ಬದಲಿಸಲು ಒಂದು ದಿನ ಸಾಕಾಯಿತು. ಮೀಟರ್ ಬೋರ್ಡಿನಲ್ಲಿ ಬೆಸುಗೆ ಹಾಕಿ ಕೂರಿಸಿದ ಪುಟ್ಟ ಬ್ಯಾಟರಿಗಳು ಸೋರಿ ಸರ್ವಿಸ್ ದೀಪಗಳೂ ಮುಳ್ಳುಗಳೂ ತಪ್ಪು ತೋರಿಸುವುದು ಈ ಕಾಲದ ಬಿಎಂಡಬ್ಲ್ಯುಗಳಲ್ಲಿ ಸಾಮಾನ್ಯ, ಅದೂ ಸಣ್ಣ ಕೆಲಸ. ತುಕ್ಕು ಸಣ್ಣದಲ್ಲ. 1976ರಿಂದ 1989ರವರೆಗೆ ತಯಾರಾದ ಈ ಇ24 ಸರಣಿಯ ಕಾರುಗಳು ಮುಂದಿನ ಮಡ್‌ಗಾರ್ಡುಗಳ ಹಿಂಭಾಗ, ಹಿಂದಿನ ಚಕ್ರಗಳ ಕಮಾನು, ಜ್ಯಾಕ್ ಕೊಡುವ ಜಾಗ, ಸನ್‌ರೂಫಿನ ಅಂಚುಗಳಲ್ಲಿ ತುಕ್ಕು ಹಿಡಿಯುತ್ತವೆ. ನನ್ನ ಕಾರಿನ ಎಡ ಮಡ್‌ಗಾರ್ಡಿಗೆ ಯಾವುದೋ ಹಳೆಯ ವರ್ಕ್‌ಶಾಪಿನವರು ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಬಟ್ಟೆ ಸುತ್ತಿದ ಅಯಸ್ಕಾಂತ ಅಲ್ಲಿ ಅಂಟದೆ ಜಾರಿದಾಗಲೇ ಅದು ಬಯಲಾಯಿತು. ಆ ಅಯಸ್ಕಾಂತ ಕೊಳ್ಳುವ ದಿನವೇ ನನ್ನ ಜೇಬಿನಲ್ಲಿರಬೇಕಿತ್ತು.

ಆದರೂ ಆ ಎಂಜಿನ್ನಿನ ಬಗ್ಗೆ ಒಂದು ಕೆಟ್ಟ ಮಾತು ಆಡಲಾರೆ. ಸಾಲಾಗಿ ನಿಂತ ಆರು ಸಿಲಿಂಡರುಗಳು ಕೆಳಗಿನ ವೇಗದಿಂದಲೇ ಎಳೆಯುತ್ತಿದ್ದ ರೀತಿ, ಐದು ಗೇರಿನ ಮ್ಯಾನುಯಲ್ ಪೆಟ್ಟಿಗೆ, ಚಾವಣಿ ಹೊತ್ತ ತೆಳುವಾದ ಕಂಬಗಳ ನಡುವಿನಿಂದ ಸುತ್ತಲೂ ಕಾಣುತ್ತಿದ್ದ ರಸ್ತೆ, ಇವು ಮೂರೂ ಈಗಲೂ ನೆನಪಿಗೆ ಬರುತ್ತವೆ. ಕಾಲಕಾಲಕ್ಕೆ ವಾಲ್ವ್‌ಗಳ ಸಂದು ಸರಿಪಡಿಸಿ, ಅವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಎಣ್ಣೆ ಸುರಿಸುವ ನಳಿಕೆಯ ಬೋಲ್ಟುಗಳು ಸಡಿಲಗೊಂಡಿಲ್ಲವೆಂದು ನೋಡಿಕೊಂಡರೆ ಅದು ಬಹುಕಾಲ ಬಾಳುತ್ತದೆ.

ಎರಡನೆಯ ಬಾರಿ ಕೊಳ್ಳುವಾಗ ನೋಡುವ ಕ್ರಮವನ್ನೇ ತಲೆಕೆಳಗು ಮಾಡಿದೆ. ಎಂಜಿನ್ ಕೊನೆಗೆ, ಕೂಪೆಗಷ್ಟೇ ಸೇರಿದ ಭಾಗಗಳು ಮೊದಲಿಗೆ. ಈ ಲೆಕ್ಕದಲ್ಲಿ 300 ಸಿಇ ಬಹಳ ಮುಂದಿದೆ. 1987ರಲ್ಲಿ ಬಂದ ಈ ಸಿ124 ಸರಣಿ, ಅದೇ ಕಾಲದ 124 ಸೆಡಾನಿನ ಅಡಿಪಾಯವನ್ನು 85 ಮಿಲಿಮೀಟರ್ ಮೊಟಕು ಮಾಡಿ ಕಟ್ಟಿದ್ದು. ಸೆಡಾನ್, ಹಿಂದೆ ಸಾಮಾನಿಗೆ ಹೆಚ್ಚು ಜಾಗವಿರುವ ಎಸ್ಟೇಟ್ ಎಲ್ಲ ಸೇರಿ ಆ ಕುಟುಂಬದ ಕಾರುಗಳು 25 ಲಕ್ಷಕ್ಕೂ ಹೆಚ್ಚು ತಯಾರಾಗಿರುವುದರಿಂದ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಭಾಗಗಳಿಗೆ ಬರವಿಲ್ಲ. ಸುಲಭವಾಗಿ ಸಿಗದಿರುವುದು ಬಾಗಿಲ ಗಾಜು, ಅವುಗಳ ರಬ್ಬರ್ ಬೀಡಿಂಗ್, ಹಿಂದಿನ ಪಕ್ಕದ ಗಾಜನ್ನು ಇಳಿಸುವ ಯಂತ್ರ, ಮತ್ತು ಬಾಗಿಲು ಹಾಕಿದೊಡನೆ ಸೀಟ್‌ಬೆಲ್ಟನ್ನು ಭುಜದವರೆಗೆ ಚಾಚಿಕೊಡುವ ಆ ಪುಟ್ಟ ತೋಳು. ನಡುವೆ ಕಂಬವೇ ಇಲ್ಲದ ಕಾರಿನಲ್ಲಿ ಮುಂದಿನ ಗಾಜಿನ ಅಂಚು ಹಿಂದಿನ ಗಾಜಿನ ಅಂಚಿಗೆ ಬಂದು ಸರಿಯಾಗಿ ಒತ್ತಿಕೊಳ್ಳಬೇಕು; ಇಲ್ಲದಿದ್ದರೆ ಹೆದ್ದಾರಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತದೆ, ಮಳೆಯಲ್ಲಿ ನೀರು ಒಳಗಿಳಿಯುತ್ತದೆ. ನಾಲ್ಕೂ ಗಾಜುಗಳನ್ನು ಮೂರು ಮೂರು ಬಾರಿ ಇಳಿಸಿ ಏರಿಸಿದ ಮೇಲೆಯೇ ನಾನು ಕೀಲಿ ಕೇಳಿದ್ದು. ಎಡ ಹಿಂಬದಿಯ ಬೀಡಿಂಗ್ ಗಟ್ಟಿಯಾಗಿತ್ತು, ಒಂದು ಬೆಲ್ಟಿನ ತೋಳಿನ ಪ್ಲಾಸ್ಟಿಕ್ ಹಲ್ಲು ಮುರಿದಿತ್ತು. ಎರಡೂ ಗೊತ್ತಿದ್ದೇ ಕೊಂಡೆ.

ಇದು ಕಾಡಿದ್ದು ಒಂದೇ ಸಲ. ಒಂದು ಮುಂಜಾನೆ ಎಂಜಿನ್ ನಿಂತಲ್ಲೇ ಏರುಪೇರಾಗಿ ಓಡತೊಡಗಿತು, ಜೊತೆಗೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ನ ದೀಪವೂ ಹೊತ್ತಿತು. ಸಂಬಂಧವಿಲ್ಲದಂತೆ ಕಾಣುವ ಈ ಎರಡು ಲಕ್ಷಣಗಳು ಒಟ್ಟಿಗೆ ಬಂದರೆ ಬ್ಯಾಟರಿಯ ಹಿಂದಿರುವ, ಹೆಚ್ಚಿನ ವೋಲ್ಟೇಜ್ ತಡೆಯುವ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಕಡೆ ಮೊದಲು ನೋಡಬೇಕು. ನೆತ್ತಿಯ ಫ್ಯೂಸ್ ಸರಿಯಿದ್ದರೂ ಒಳಗಿನ ಬೆಸುಗೆ ಬಿರುಕುಬಿಟ್ಟಿರಬಹುದು. ನನ್ನದರಲ್ಲಿ ಹಾಗೆಯೇ ಆಗಿತ್ತು. ಹೊಸದು ಹಾಕಲು ಹತ್ತು ನಿಮಿಷ ಹಿಡಿಯಿತು. ಆಟೊಮ್ಯಾಟಿಕ್ ಗೇರ್ ಸಾಮಾನ್ಯವಾಗಿ ಎರಡನೆಯದರಲ್ಲೇ ಹೊರಡುವುದರಿಂದ 635 ಓಡಿಸಿದವರಿಗೆ ಇದು ಮಂದವೆನಿಸುತ್ತದೆ, ಹೌದು. ಒಂಟಿ ವೈಪರಿನ ಯಂತ್ರಕ್ಕೆ ಗ್ರೀಸ್ ಮರೆಯಬಾರದು. ಹಳಸಿದ ಪೆಟ್ರೋಲ್ ಇದರ ಇಂಧನ ಹಂಚುವ ಭಾಗಕ್ಕೆ ಆಗಿಬರುವುದಿಲ್ಲವಾದ್ದರಿಂದ ಹತ್ತು ದಿನಕ್ಕೊಮ್ಮೆಯಾದರೂ ಕಾರನ್ನು ಹೊರಗೆ ತೆಗೆಯುತ್ತೇನೆ.

ಇದೇ ಸರಣಿಯಲ್ಲಿ ನಂತರ ಬಂದ 320ರ 24 ವಾಲ್ವಿನ ಎಂಜಿನ್ ಹೆಚ್ಚು ಚುರುಕೆಂಬುದು ನಿಜ. ಆದರೆ 1993ರಿಂದ 1995ರ ಸುಮಾರಿನ ಕಾರುಗಳಲ್ಲಿ ಎಂಜಿನ್ ವೈರಿಂಗಿನ ಮೇಲ್ಹೊದಿಕೆ ಶಾಖಕ್ಕೆ ಪುಡಿಯಾಗಿ ಉದುರುತ್ತದೆ. ಅದನ್ನು ಬದಲಿಸಿದ ರಸೀದಿ ಕಾಣದೆ ಅವನ್ನು ಕೊಳ್ಳಬೇಡಿ. ನಾನು ಹಳೆಯ 12 ವಾಲ್ವಿನದನ್ನೇ ಆರಿಸಿದ್ದು ಇದೇ ಕಾರಣಕ್ಕೆ.

944ರ ಬಗ್ಗೆ ಕಡಿಮೆ ಹೇಳುವುದಿದೆ. ಸತು ಲೇಪಿಸಿದ ಉಕ್ಕಿನ ಮೈಯಾದ್ದರಿಂದ ಮೂರರಲ್ಲಿ ತುಕ್ಕಿನ ಭಯ ಅದಕ್ಕೇ ಕಡಿಮೆ. ಎಂಜಿನ್ ಮುಂದೆ, ಗೇರ್ ಪೆಟ್ಟಿಗೆ ಹಿಂದೆ ಇರುವುದರಿಂದ ತಿರುವಿನಲ್ಲಿ ಅದು ತೋರುವ ಸಮತೋಲ ಉಳಿದೆರಡಕ್ಕೂ ಇಲ್ಲ. ಆದರೆ ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟ್ ಯಾವಾಗ ಬದಲಾಯಿತೆಂಬ ದಾಖಲೆ ಇಲ್ಲದಿದ್ದರೆ ಮೊದಲ ದಿನವೇ ಬದಲಿಸಬೇಕು. ಕ್ಲಚ್ ಕೆಲಸಕ್ಕೆ ಹಿಂದಿನ ಗೇರ್ ಪೆಟ್ಟಿಗೆಯನ್ನು ಇಳಿಸಿ ನಡುವಿನ ಕೊಳವೆಯನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ. ಲಿಫ್ಟ್ ಇಲ್ಲದವರ ಮನೆಯಲ್ಲಿ ಅದು ಆಗುವ ಕೆಲಸವಲ್ಲ.

ನಾನು ತಿಂಗಳಿಗೆ ಎರಡು ಬಾರಿ ಅಪ್ಪ ಅಮ್ಮನನ್ನು ಕರೆದುಕೊಂಡು ದೂರ ಪ್ರಯಾಣ ಮಾಡುತ್ತೇನೆ. ಸಣ್ಣ ಕೆಲಸಗಳನ್ನು ಭಾನುವಾರ ನಾನೇ ಸ್ಪ್ಯಾನರ್ ಹಿಡಿದು ಮುಗಿಸುತ್ತೇನೆ, ವರ್ಷಕ್ಕೆ ಇಷ್ಟೇ ಎಂದು ತೆಗೆದಿಟ್ಟ ಹಣವನ್ನು ದಾಟುವುದಿಲ್ಲ. ಈ ಮೂರಕ್ಕೂ ಒಗ್ಗಿದ್ದು 300 ಸಿಇ ಒಂದೇ. ದಿನದ ಓಡಾಟಕ್ಕೆ ಬೇರೆ ಕಾರು, ತೇವ ತಾಗದ ಜಾಗ, ನಂಬಬಹುದಾದ ಬಾಡಿ ಕೆಲಸದವರು ಇರುವವರು 635 ಕೊಂಡರೆ ನಾನು ತಡೆಯುವುದಿಲ್ಲ, ಟಯರ್ ಓದಿ ಎಂದಷ್ಟೇ ಹೇಳುತ್ತೇನೆ.

ಎಡ ಹಿಂಬದಿಯ ಹೊಸ ಬೀಡಿಂಗ್ ಮೊನ್ನೆಯಷ್ಟೇ ಕೈಸೇರಿದೆ. ಬರುವ ಭಾನುವಾರ ಅದನ್ನು ಕೂರಿಸಿ, ಗಾಜು ಏರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ನೋಡಬೇಕು.