ಬೈಂಡ್, ಪವರ್‌ಡಿಎನ್‌ಎಸ್, ಎನ್‌ಎಸ್‌ಡಿ: ರೆಕಾರ್ಡ್ ತಪ್ಪಿದರೆ ಯಾವುದು ಬೇಗ ಹೇಳುತ್ತದೆ?

ಸ್ವಂತ ಡಿಎನ್‌ಎಸ್ ಸರ್ವರ್ (ವೆಬ್‌ಸೈಟ್, ಮೇಲ್‌ಗಳ ಹೆಸರಿಗೆ ವಿಳಾಸ ಹೇಳುವ ಸರ್ವರ್) ಇಡುವಾಗ ಜಾಸ್ತಿ ಜನ ವೇಗ ನೋಡುತ್ತಾರೆ. ನಮ್ಮಂಥ ಸಣ್ಣ ಕಚೇರಿಗೆ ಬೈಂಡ್, ಪವರ್‌ಡಿಎನ್‌ಎಸ್, ಎನ್‌ಎಸ್‌ಡಿ ಎಂಬ ಈ ಮೂರೂ ಡಿಎನ್‌ಎಸ್ ಸಾಫ್ಟ್‌ವೇರ್‌ಗಳ ವೇಗ ಧಾರಾಳ. ನನಗೆ ಮುಖ್ಯವಾದದ್ದು ಬೇರೆ. ರೆಕಾರ್ಡ್ (ಒಂದು ಹೆಸರಿನ ಬಗ್ಗೆ ಬರೆದಿಟ್ಟ ಸಾಲು) ತಪ್ಪಿದ್ದರೆ, ಗಿರಾಕಿಯ ಮೇಲ್ ನಿಲ್ಲುವ ಮೊದಲೇ ಸರ್ವರ್ ಅದನ್ನು ಹೇಳಬೇಕು. ಹಾಗಾಗಿ ಉಡುಪಿಯ ಕಚೇರಿಯಲ್ಲಿ, ಪರೀಕ್ಷೆಗೆಂದೇ ಮೀಸಲಿಟ್ಟಿರುವ ಡಾಟ್ ಟೆಸ್ಟ್ ಹೆಸರಿನಲ್ಲಿ ಒಂದು ಝೋನ್ (ಒಂದು ಡೊಮೇನ್‌ನ ರೆಕಾರ್ಡ್‌ಗಳ ಗುಂಪು) ಮಾಡಿದೆ. ಬೇಕೆಂದೇ ತಪ್ಪು ರೆಕಾರ್ಡ್ ತುಂಬಿಸಿ ಮೂರಕ್ಕೂ ಕೊಟ್ಟೆ.

ಮೊದಲನೆಯದು ಕೊನೆಯ ಚುಕ್ಕೆ. ಝೋನ್ ಫೈಲ್‌ನಲ್ಲಿ ಪೂರ್ತಿ ಹೆಸರು ಬರೆದು ಕೊನೆಗೆ ಚುಕ್ಕೆ ಇಡದಿದ್ದರೆ, ಸರ್ವರ್ ಅದರ ಬಾಲಕ್ಕೆ ಝೋನ್ ಹೆಸರನ್ನು ಮತ್ತೊಮ್ಮೆ ಅಂಟಿಸುತ್ತದೆ. ‘ಮೇಲ್.ಅಂಗಡಿ.ಟೆಸ್ಟ್’ ಎಂಬುದು ‘ಮೇಲ್.ಅಂಗಡಿ.ಟೆಸ್ಟ್.ಅಂಗಡಿ.ಟೆಸ್ಟ್’ ಆಗುತ್ತದೆ. ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್‌ನಲ್ಲಿ ಹೀಗೆ ಮಾಡಿದಾಗ, ಝೋನ್ ಪರೀಕ್ಷಿಸುವ ಬೈಂಡ್‌ನ ನೇಮ್ಡ್-ಚೆಕ್‌ಝೋನ್ ಆ ಉದ್ದ ಹೆಸರನ್ನೇ ತೋರಿಸಿ, ಇದಕ್ಕೆ ವಿಳಾಸ ಇಲ್ಲ ಎಂದಿತು. ಇನ್ನೇನು ಹುಡುಕುವುದೇ ಬೇಡ. ಆದರೆ ಅದೇ ತಪ್ಪು ಸಿ-ನೇಮ್‌ನಲ್ಲಿದ್ದರೆ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್) ಬೈಂಡ್ ತುಟಿ ಬಿಚ್ಚುವುದಿಲ್ಲ. ಡಿಎನ್‌ಎಸ್ ಸರ್ವರನ್ನು ಪ್ರಶ್ನೆ ಕೇಳುವ ಡಿಗ್ ಕಮಾಂಡ್ ಹಾಕಿಯೇ ಹಿಡಿಯಬೇಕು.

ಪವರ್‌ಡಿಎನ್‌ಎಸ್ ಇಲ್ಲಿ ಗೆಲ್ಲುತ್ತದೆ. ಅದರ ಡೇಟಾಬೇಸ್‌ನಲ್ಲಿ ಹೆಸರುಗಳು ಪೂರ್ತಿಯಾಗಿಯೇ ಇರುವುದರಿಂದ ಏನನ್ನೂ ಅಂಟಿಸುವ ಪ್ರಶ್ನೆ ಇಲ್ಲ. ಎಪಿಐ (ಬೇರೆ ಪ್ರೋಗ್ರಾಂಗಳು ಅದರೊಡನೆ ಮಾತಾಡುವ ದಾರಿ) ಮೂಲಕ ಚುಕ್ಕೆ ಇಲ್ಲದ ಹೆಸರು ಕಳಿಸಿದರೆ ಅದು ತಗೊಳ್ಳುವುದೇ ಇಲ್ಲ.

ಎರಡನೆಯದು, ಸಿ-ನೇಮ್ ಇರುವ ಹೆಸರಿಗೇ ಎಂಎಕ್ಸ್ ಕೊಡುವುದು. ಬೈಂಡ್ ಇಡೀ ಝೋನನ್ನೇ ಬೇಡ ಎನ್ನುತ್ತದೆ. ಓಡುತ್ತಿರುವ ಸರ್ವರ್ ಆದರೆ ರೀಲೋಡ್ ಕೊಟ್ಟಮೇಲೂ ಹಳೆಯ ಝೋನ್‌ನಿಂದಲೇ ಉತ್ತರ ಕೊಡುತ್ತಿರುತ್ತದೆ. ಗಿರಾಕಿಯ ಕೆಲಸ ನಿಲ್ಲುವುದಿಲ್ಲ, ಅದೇ ದೊಡ್ಡದು ಅಲ್ವಾ? ಬದಲಾವಣೆ ಯಾಕೆ ಬರಲಿಲ್ಲ ಎಂಬುದು ಲಾಗ್‌ನಲ್ಲಿ ಇರುತ್ತದೆ. ಪವರ್‌ಡಿಎನ್‌ಎಸ್‌ಗೆ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನಿಂದ ನೇರವಾಗಿ ತುಂಬಿದರೆ ಡೇಟಾಬೇಸ್ ಸುಮ್ನೆ ನುಂಗುತ್ತದೆ. ಪವರ್‌ಡಿಎನ್‌ಎಸ್ ಜೊತೆ ಬರುವ ಪಿಡಿಎನ್‌ಎಸ್‌ಯುಟಿಲ್ ಕಮಾಂಡ್‌ನ ಚೆಕ್ ಓಡಿಸಿದಾಗಲೇ ತಪ್ಪು ಹೊರಬರುವುದು. ಪವರ್‌ಡಿಎನ್‌ಎಸ್‌ನ ಕ್ಯಾಶ್ (ಉತ್ತರಗಳನ್ನು ಸ್ವಲ್ಪ ಹೊತ್ತು ನೆನಪಿಡುವ ಜಾಗ) ಕೂಡ ದಾರಿ ತಪ್ಪಿಸುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ‘ಇಲ್ಲ’ ಎಂಬ ಉತ್ತರ 60 ಸೆಕೆಂಡ್, ಝೋನ್‌ಗಳ ಪಟ್ಟಿ 300 ಸೆಕೆಂಡ್ ಅದರ ನೆನಪಿನಲ್ಲಿ ಇರುತ್ತದೆ. ಹೊಸ ರೆಕಾರ್ಡ್ ಕಾಣಲಿಲ್ಲ ಎಂದು ಸರಿ ಇರುವುದನ್ನೇ ತಿದ್ದಲು ಹೋಗಬೇಡಿ. ಇನ್ನೊಂದು, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಅದರ ಡೇಟಾಬೇಸ್ ಆದ ಮರಿಯಾಡಿಬಿ ಏಳದಿದ್ದರೆ ಪವರ್‌ಡಿಎನ್‌ಎಸ್ ಎದ್ದೂ ಪ್ರಯೋಜನವಿಲ್ಲ. ಬೈಂಡ್‌ಗೆ ಒಂದು ಫೈಲ್ ಸಾಕು.

ಎನ್‌ಎಸ್‌ಡಿ ಬಗ್ಗೆ ಹೇಳುವುದು ಕಡಿಮೆ. ಫೈಲ್ ಬೈಂಡ್‌ನ ಹಾಗೆಯೇ. ಬರವಣಿಗೆಯ ತಪ್ಪು ಹಿಡಿಯುತ್ತದೆ, ಎಂಎಕ್ಸ್‌ಗೆ ವಿಳಾಸ ಇದೆಯಾ ಎಂದು ನೋಡುವುದಿಲ್ಲ. ಆದರೆ ತನ್ನ ಝೋನ್ ಬಿಟ್ಟು ಬೇರೆ ಯಾವುದಕ್ಕೂ ಉತ್ತರ ಹುಡುಕುವುದಿಲ್ಲ. ಮೊದಲ ಸರ್ವರ್‌ನಿಂದ ಝೋನ್‌ನ ನಕಲು ತರಿಸಿಕೊಳ್ಳುವ ಎರಡನೇ ಸರ್ವರ್ ಆಗಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಈಗ ಉಡುಪಿಯಲ್ಲಿ ಬೈಂಡ್, ಮಂಗಳೂರಿನಲ್ಲಿ ಎನ್‌ಎಸ್‌ಡಿ ಇಟ್ಟಿದ್ದೇನೆ. ಗಿರಾಕಿಗಳೇ ರೆಕಾರ್ಡ್ ಬದಲಿಸುವ ಕಡೆ ಪವರ್‌ಡಿಎನ್‌ಎಸ್ ಹಾಕಿ, ಆದರೆ ಎಪಿಐ ಮೂಲಕವೇ ಬದಲಿಸಲಿ. ಬೈಂಡ್ ಆರಿಸಿದರೆ ಎಸ್‌ಒಎ ಸೀರಿಯಲ್ (ಝೋನ್‌ನ ಆವೃತ್ತಿ ಸಂಖ್ಯೆ) ನಿಮ್ಮ ಕೈಯಲ್ಲೇ. ಅದನ್ನು ಏರಿಸದಿದ್ದರೆ ಎರಡನೇ ಸರ್ವರ್ ಹೊಸ ಝೋನ್ ತರಿಸಿಕೊಳ್ಳುವುದೇ ಇಲ್ಲ. ಎರಡೂ ಕಡೆ ಡಿಗ್ ಹಾಕಿ ಆ ಸಂಖ್ಯೆ ಒಂದೇ ಇದೆಯಾ ನೋಡಿ. ಉಳಿದ ತನಿಖೆ ಆಮೇಲೆ.