ವೈಶಂಪಾಯನ ಕೊಳದ ದಂಡೆಯಲ್ಲಿ ಮೂವರು ಕವಿಗಳು

ಕುರುಕ್ಷೇತ್ರದ ಕೊನೆಯ ದಿನ ದುರ್ಯೋಧನ ವೈಶಂಪಾಯನ ಸರೋವರ ಹೊಗುತ್ತಾನೆ, ಭೀಮ ಅವನನ್ನು ಹೊರಗೆ ಕರೆಸಿ ತೊಡೆ ಮುರಿಯುತ್ತಾನೆ. ಕಥೆ ಎಲ್ಲರಿಗೂ ಗೊತ್ತು. ಇದನ್ನೇ ಕನ್ನಡದ ಮೂವರು ದೊಡ್ಡ ಕವಿಗಳು ಹೇಳಿದ್ದಾರೆ, ಮೂವರೂ ಕೊನೆಗೆ ಪಟ್ಟ ಕಟ್ಟಿದ್ದು ಬೇರೆ ಬೇರೆಯವರಿಗೆ. ಪಂಪ ಅರ್ಜುನನಿಗೆ ಕಟ್ಟಿದ, ರನ್ನ ಭೀಮನಿಗೆ, ಕುಮಾರವ್ಯಾಸ ಧರ್ಮರಾಯನಿಗೆ. ಗೆದ್ದವರ ವಿಷಯದಲ್ಲಿ ಇಷ್ಟು ಅಂತರ ಇದ್ದರೆ ಸೋತವನನ್ನು ಈ ಮೂವರು ಹೇಗೆ ನಡೆಸಿಕೊಂಡಿರಬಹುದು? ಅದೊಂದನ್ನು ನೋಡಬೇಕೆಂದೇ ಮೂರೂ ಪುಸ್ತಕಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಓದಿದೆ. ಪಂಪಭಾರತದ 13 ಮತ್ತು 14ನೆಯ ಆಶ್ವಾಸ (ಅಂದರೆ ಅಧ್ಯಾಯ), ರನ್ನನ ಗದಾಯುದ್ಧದ ಹತ್ತೂ ಆಶ್ವಾಸ, ಕುಮಾರವ್ಯಾಸನ ಗದಾಪರ್ವ.

ನಾನಿರುವುದು ಮುಧೋಳದಲ್ಲಿ. ಹೊರಗಿನವರಿಗೆ ಈ ಊರು ಎಂದರೆ ಬೇಟೆನಾಯಿ, ಘಟಪ್ರಭೆ, ಕಬ್ಬು. ನಮಗೆ ಇದು ರನ್ನನ ಊರು. ಉತ್ಸವಕ್ಕೆ ಅವನ ಹೆಸರು, ಸಕ್ಕರೆ ಕಾರ್ಖಾನೆಗೆ ಅವನ ಹೆಸರು, ಹತ್ತಿರದ ಬೆಳಗಲಿಗೂ ರನ್ನ ಬೆಳಗಲಿ ಎಂದೇ ಹೆಸರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಅಜಿತಸೇನಾಚಾರ್ಯರಲ್ಲಿ ಕಲಿತು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ಇಷ್ಟನ್ನು ಇಲ್ಲಿ ಸಾಲೆಯ ಮಕ್ಕಳೂ ಹೇಳುತ್ತಾರೆ. ಕಾವ್ಯವನ್ನು ಮೊದಲಿನಿಂದ ಕೊನೆತನಕ ಓದಿದವರು ಮಾತ್ರ ಸಿಗುವುದು ಕಷ್ಟ. ಹಾಗಾಗಿ ಈ ಹೋಲಿಕೆಯಲ್ಲಿ ರನ್ನನ ಕಡೆ ನನಗೆ ಮಮತೆ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಓದಿಗೆ ಸಲೀಸು ಯಾವುದು ಎಂದರೆ ಕುಮಾರವ್ಯಾಸ, ಅದರಲ್ಲಿ ಎರಡು ಮಾತಿಲ್ಲ. ಭಾಮಿನಿ ಷಟ್ಪದಿಯ ನಡಿಗೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದಕ್ಕೆ ಹೋಗಿ ಒಂದು ಗುರುವಿನ ಮೇಲೆ ನಿಲ್ಲುತ್ತವೆ. ನಾಲ್ಕು ಪದ್ಯ ಗಟ್ಟಿಯಾಗಿ ಓದಿದರೆ ಐದನೆಯದು ತಾನಾಗಿಯೇ ಬಾಯಿಗೆ ಬರುತ್ತದೆ. ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಓದುತ್ತಿದ್ದೆ. ಅಕ್ಷರ ಕಲಿಯದ ನಮ್ಮವ್ವ ರೊಟ್ಟಿ ಬಡಿಯುತ್ತಲೇ ಕಥೆಯ ಎಳೆ ಹಿಡಿದು, ‘ಮುಂದ ಏನಂದ ಧರ್ಮರಾಯ?’ ಎಂದು ಕೇಳುತ್ತಿದ್ದಳು. ಅರ್ಥ ಬಿಡಿಸಿ ಹೇಳುವ ಪ್ರಸಂಗ ಬಂದದ್ದು ಅಪರೂಪ. ಐನೂರು ವರ್ಷಕ್ಕೂ ಹಿಂದಿನ ಕಾವ್ಯ ಹೀಗೆ ಕಿವಿಯಿಂದಲೇ ಮನೆಯೊಳಗೆ ಬರುತ್ತದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಳೆ ಹೋದ ವರ್ಷ ಊರೂರಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಯಾಕೆ ಉಳಿದುಕೊಂಡಿತು ಎಂದು ಬೇರೆ ಯಾರನ್ನೂ ಕೇಳಬೇಕಿಲ್ಲ. ಈ ಕಾವ್ಯ ಗುಂಪಿನ ನಡುವೆ ಓದುವುದಕ್ಕೇ ಹುಟ್ಟಿದ್ದು.

ಆದರೆ ಕೊಳದ ದಂಡೆಯ ಭಾಗದಲ್ಲಿ ನನ್ನ ಮನಸ್ಸು ಕುಮಾರವ್ಯಾಸನಲ್ಲಿ ಪೂರ್ತಿ ನಿಲ್ಲಲಿಲ್ಲ. ಅಲ್ಲಿ ಮಾತಿನ ಚಕಮಕಿ ಬಹಳ, ಮೂದಲೆ ಬಹಳ, ಅದರ ರುಚಿಯೂ ಬಹಳ. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಆ ಠೇಂಕಾರ ತಕ್ಷಣ ಗುರುತಾಗುತ್ತದೆ. ಎಲ್ಲದರ ಸೂತ್ರ ಮಾತ್ರ ಕೃಷ್ಣನ ಕೈಯಲ್ಲಿದೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದವನ ಕಾವ್ಯದಲ್ಲಿ ಹಾಗಿರುವುದು ಸಹಜವೇ. ದೇವರು ಒಂದು ಕಡೆ ನಿಂತಮೇಲೆ ಎದುರಾಳಿ ಎಷ್ಟು ದೊಡ್ಡವನಾದರೂ ಅವನ ದುಃಖಕ್ಕೆ ಸಿಗುವ ಜಾಗ ಸಣ್ಣದು. ಗದಾಪರ್ವದ ನಿಜವಾದ ಬಲ ನನಗೆ ಕಂಡದ್ದು ತೊಡೆ ಮುರಿದ ಮೇಲೆ, ಅಶ್ವತ್ಥಾಮ ರಾತ್ರಿಯ ಪಾಳೆಯಕ್ಕೆ ನುಗ್ಗುವ ಭಾಗದಲ್ಲಿ. ಅಲ್ಲಿಂದ ಪಟ್ಟಾಭಿಷೇಕದವರೆಗೆ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಇನ್ನು ರನ್ನ. ಗದಾಯುದ್ಧಕ್ಕೆ ಸಾಹಸಭೀಮವಿಜಯ ಎಂಬ ಹೆಸರೂ ಇದೆ. ಭೀಮ ಎಂದರೆ ಇಲ್ಲಿ ಇರಿವಬೆಡಂಗ ಸತ್ಯಾಶ್ರಯ, ಕವಿಗೆ ಆಶ್ರಯ ಕೊಟ್ಟ ದೊರೆ. ಪಂಪನ 13ನೆಯ ಆಶ್ವಾಸದ ವಸ್ತುವನ್ನು ಎತ್ತಿಕೊಂಡು ಹತ್ತು ಆಶ್ವಾಸಕ್ಕೆ ಬೆಳೆಸಿದ್ದಾನೆ. ಕೊನೆಯ ದಿನದಲ್ಲಿ ನಿಂತು ಇಡೀ ಭಾರತವನ್ನು ಹೊರಳಿ ನೋಡುವ ಸಿಂಹಾವಲೋಕನ ಅವನ ಕ್ರಮ. ಭಾಷೆ ಹಳಗನ್ನಡ, ಸಂಧಿ ಬಿಡಿಸಿಕೊಳ್ಳದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪೆನ್ಸಿಲ್ಲಿನಿಂದ ಪದದ ನಡುವೆ ಗೆರೆ ಎಳೆದುಕೊಂಡೇ ಓದಿದೆ. ಪೂರ್ತಿ ಪಠ್ಯಕ್ಕೆ ಕೈ ಹಾಕುವ ಮುನ್ನ ತೀ.ನಂ.ಶ್ರೀಕಂಠಯ್ಯನವರ ಗದಾಯುದ್ಧ ಸಂಗ್ರಹಂ ಓದಿಕೊಳ್ಳುವುದು ಒಳ್ಳೆಯದು. ಕಾವ್ಯದ ಮುಖ್ಯ ಘಟ್ಟಗಳೆಲ್ಲ ಅದರಲ್ಲಿವೆ.

ಸಂಗ್ರಹ ಯಾಕೆ ಬೇಕಾಯಿತು ಎಂಬುದು ಪೂರ್ತಿ ಓದುವಾಗ ತಿಳಿಯುತ್ತದೆ. ಭೀಮನ ಪ್ರತಾಪ, ಅವನ ನೆಪದಲ್ಲಿ ಸತ್ಯಾಶ್ರಯನ ಪ್ರತಾಪ, ಗದೆಗೆ ಗದೆ ತಾಗುವ ಸದ್ದಿನ ಪದ್ಯಗಳು, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಅಲ್ಲಿ ನಾನು ಬೇಗ ಬೇಗ ಸಾಗಿದೆ. ನಿಧಾನವಾಗಿ ಓದಬೇಕಾದದ್ದು ಬೇರೆ ಕಡೆ ಇದೆ. ದುರ್ಯೋಧನ ಸಂಜಯನ ಜೊತೆ ರಣರಂಗ ದಾಟಿಕೊಂಡು ಹೋಗುತ್ತಾನೆ, ದಾರಿಯಲ್ಲಿ ತನ್ನವರ ಹೆಣಗಳು ಸಿಗುತ್ತವೆ. ಪಂಪ ಬೇಗ ದಾಟಿದ ಈ ದಾರಿಯಲ್ಲಿ ರನ್ನ ಹೆಣಹೆಣಕ್ಕೂ ನಿಂತಿದ್ದಾನೆ.

ಮಗ ಲಕ್ಷಣನ ಹೆಣ ಕಂಡಾಗ ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’ ಎನ್ನುತ್ತಾನೆ. ಅಪ್ಪನಿಗೆ ಮಗ ನೀರು ಬಿಡುವುದು ಲೋಕದ ರೀತಿ, ಅದು ತಿರುಗುಮುರುಗಾಗಿ ನಾನೇ ನಿನಗೆ ಬಿಡುವ ಹಾಗಾಯಿತಲ್ಲ ಎಂಬ ಸಂಕಟ. ದುಶ್ಶಾಸನನ ಹತ್ತಿರ ಬಂದಾಗಲೂ ನೆನಪಾಗುವುದು ಅದೇ ಕ್ರಮ. ತಾಯಿಯ ಮೊಲೆಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು. ಎಲ್ಲದರಲ್ಲೂ ಅಣ್ಣನನ್ನು ಮುಂದೆ ಬಿಟ್ಟು ನಡೆದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲ! ಈ ಪದ್ಯ ಓದಿ ಅರ್ಥ ಹೇಳಿದಾಗ ಅವ್ವ ಲಟ್ಟಣಿಗೆ ಕೆಳಗಿಟ್ಟು ಸುಮ್ಮನೆ ಕೂತಳು. ಅಲ್ಲಿಯವರೆಗೆ ಅವಳಿಗೆ ದುಶ್ಶಾಸನ ಎಂದರೆ ಸೀರೆ ಎಳೆದವನು, ಅಷ್ಟೇ. ಅವನೂ ಒಬ್ಬನಿಗೆ ತಮ್ಮ ಎಂಬುದು ಆ ಕ್ಷಣಕ್ಕೆ ಎದುರು ಬಂತು. ದ್ರೌಪದಿಗೆ ಆದ ಅನ್ಯಾಯವನ್ನು ರನ್ನ ಮರೆತವನಲ್ಲ, ಕಾವ್ಯ ಶುರುವಾಗುವುದೇ ಅವಳು ಭೀಮನಿಗೆ ಅವನ ಪ್ರತಿಜ್ಞೆ ನೆನಪಿಸುವುದರಿಂದ. ಆ ಸಿಟ್ಟನ್ನೂ ಈ ಅಳುವನ್ನೂ ಒಂದೇ ಪುಸ್ತಕದಲ್ಲಿ ಇಟ್ಟು, ಒಂದರಿಂದ ಇನ್ನೊಂದನ್ನು ಸಣ್ಣದು ಮಾಡದೆ ಕಾಯ್ದಿದ್ದಾನೆ.

ಕರ್ಣನ ಮುಂದಿನ ಪದ್ಯವಂತೂ ನನ್ನನ್ನು ಬಹಳ ಕಾಡಿತು. ‘ಆನರಿವೆಂ ಪೃಥೆಯರಿವಳ್’ ಎಂದು ಶುರುವಾಗುತ್ತದೆ. ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ. ನೀನು ಯಾರೆಂದು ಇನ್ನು ಯಾರೂ ಅರಿಯರು. ಅಂದರೆ ದುರ್ಯೋಧನನಿಗೆ ಗೊತ್ತಿತ್ತು! ಕರ್ಣ ಪಾಂಡವರ ಅಣ್ಣ ಎಂದು ಗೊತ್ತಿದ್ದೂ ಅವನ ಮೇಲೆಯೇ ಭಾರ ಹಾಕಿ ಯುದ್ಧ ಮಾಡಿದ. ಇದನ್ನು ನಂಬಿಕೆ ಎನ್ನಬೇಕೋ, ಗೆಳೆಯನನ್ನು ಬಳಸಿಕೊಂಡ ಸ್ವಾರ್ಥ ಎನ್ನಬೇಕೋ? ಪದ್ಯ ಎರಡಕ್ಕೂ ಎಡೆ ಕೊಡುತ್ತದೆ. ನನಗೆ ಅದು ನಂಬಿಕೆ ಎಂದೇ ಅನಿಸುತ್ತದೆ, ಯಾಕೆಂದರೆ ಮುಂದೆ ಭೀಷ್ಮ ಸಂಧಿ ಮಾಡಿಕೋ ಎಂದಾಗ ಅವನು ಕೊಡುವ ಉತ್ತರ ಹೀಗಿದೆ: ‘ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ.’ ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳಲೇ? ರಾಜ್ಯಕ್ಕಾಗಿ ಗೆಳೆಯನನ್ನು ಬಳಸಿಕೊಂಡವನು ಗೆಳೆಯ ಸತ್ತ ಮೇಲೆ ರಾಜ್ಯವನ್ನು ಹೀಗೆ ಒದೆಯುವುದಿಲ್ಲ. ಈ ಭಾಗ ‘ಛಲಮನೆ ಮೆರೆವೆಂ’ ಎಂಬ ಹೆಸರಿನಲ್ಲಿ ಹತ್ತನೆಯ ತರಗತಿಯ ಪಠ್ಯವಾಗಿ ಬಂದಿತ್ತು. ಅಲ್ಲಿ ಓದಿ ಬಿಟ್ಟವರು ಇದರ ಹಿಂದಿನ ಹೆಣಗಳ ಸಾಲನ್ನು ದಾಟಿ ಬಂದು ಮತ್ತೊಮ್ಮೆ ಓದಿದರೆ ಪದ್ಯದ ತೂಕವೇ ಬೇರೆ. ಛಲ ಎನ್ನುವುದು ಅಲ್ಲಿ ಹಟ ಎಂದು ಕಾಣುವುದಿಲ್ಲ, ಕಳೆದುಕೊಳ್ಳಲು ಇನ್ನೇನೂ ಇಲ್ಲದವನ ಕೊನೆಯ ಆಸ್ತಿಯಾಗಿ ಕಾಣುತ್ತದೆ.

ಕೊಳದ ದಂಡೆಯಲ್ಲಿ ಭೀಮ ಗರ್ಜಿಸಿದಾಗಿನ ಕಂದಪದ್ಯವನ್ನು ಕನ್ನಡ ಮೇಷ್ಟ್ರುಗಳು ತಪ್ಪದೆ ಹೇಳುತ್ತಾರೆ. ಸಿಂಹದ ಸದ್ದನ್ನು ಗೆದ್ದ, ಗುಡುಗನ್ನು ಮೀರಿದ ಆ ರವವನ್ನು ಕೇಳಿ, ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರೊಳಗಿದ್ದೂ ಬೆವರಿದ. ಯಾರು ಎಂಬುದನ್ನು ಕವಿ ಪದ್ಯದ ಕಟ್ಟಕಡೆಗೆ ಇಟ್ಟಿದ್ದಾನೆ. ಸದ್ದು ಮೊದಲು, ಕೆಂಪೇರಿದ ಕಣ್ಣು ಆಮೇಲೆ, ನೀರು, ಬೆವರು, ಎಲ್ಲ ಆದಮೇಲೆ ಹಾವಿನ ಬಾವುಟದವನು. ಮನಸ್ಸಿನಲ್ಲಿ ಓದಿದಾಗ ಇದು ಚಮತ್ಕಾರದ ಪದ್ಯ ಅನಿಸುತ್ತದೆ. ಗಟ್ಟಿಯಾಗಿ ಓದಿದರೆ ರವ ರವ ಎಂಬ ಮರುಕಳಿಕೆ ನೀರಿನ ತಳಕ್ಕೆ ಇಳಿದು ತಲುಪುವಂತೆ ಕೇಳುತ್ತದೆ. ಆ ಬೆವರು ಅಂಜಿಕೆಯದೋ ಕೋಪದ್ದೋ ಎಂದು ಓದುವವರು ವಾದ ಮಾಡುವುದುಂಟು. ‘ಕೋಪಾರುಣನೇತ್ರಂ’ ಎಂದು ಕವಿಯೇ ಹೇಳಿರುವಾಗ ನನಗೆ ಸಂಶಯ ಉಳಿದಿಲ್ಲ.

ಪಂಪನ ಬಗ್ಗೆ ಬರೆಯುವುದು ಕಡಿಮೆಯಾಗುತ್ತದೆ, ಆದರೆ ಅದು ಅವನ ತೂಕದ ಅಳತೆ ಅಲ್ಲ. 941ರ ಕಾವ್ಯ, ತನ್ನ ದೊರೆ ಎರಡನೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದದ್ದು. ಹಾಗಾಗಿ ಭೀಮನ ಗದೆಯ ಪ್ರಸಂಗದಲ್ಲಿ ಅವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರನ್ನನನ್ನು ಓದಿ ಬಂದವರಿಗೆ ಈ ವೇಗ ಮೊದಮೊದಲು ನಿರಾಸೆ ತರುತ್ತದೆ. ಡಿ.ಎಲ್.ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ ಮಗ್ಗುಲಲ್ಲಿ ಇಲ್ಲದಿದ್ದರೆ ಎಷ್ಟೋ ಪದ್ಯಗಳು ನನಗೆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ 14ನೆಯ ಆಶ್ವಾಸದಲ್ಲಿ ಒಂದು ಪದ್ಯ ಬರುತ್ತದೆ. ಛಲದಲ್ಲಿ ದುರ್ಯೋಧನ, ಸತ್ಯದಲ್ಲಿ ಕರ್ಣ, ಗಂಡುತನದಲ್ಲಿ ಭೀಮಸೇನ, ಬಲದಲ್ಲಿ ಶಲ್ಯ, ಔನ್ನತ್ಯದಲ್ಲಿ ಭೀಷ್ಮ, ಬಿಲ್ವಿದ್ಯೆಯಲ್ಲಿ ದ್ರೋಣ, ಸಾಹಸದಲ್ಲಿ ಅರ್ಜುನ, ಧರ್ಮದಲ್ಲಿ ಧರ್ಮರಾಯ, ಇವರಿಂದ ಈ ಭಾರತ ಲೋಕಪೂಜ್ಯ. ಮೊದಲ ಹೆಸರು ಸೋತವನದು, ಎರಡನೆಯದೂ ಸೋತವನದೇ. ತನ್ನ ದೊರೆಗೆ ಸಮನಾದ ಅರ್ಜುನನನ್ನು ಏಳನೆಯವನಾಗಿ ನಿಲ್ಲಿಸಿದ್ದಾನೆ. ಕೃಷ್ಣನ ಹೆಸರೇ ಪಟ್ಟಿಯಲ್ಲಿಲ್ಲ. ರನ್ನ ಹಲವು ಆಶ್ವಾಸಗಳಲ್ಲಿ ದುರ್ಯೋಧನನಿಗೆ ಕೊಟ್ಟ ಗೌರವವನ್ನು ಪಂಪ ಬರೀ ಸಾಲಿನ ಅನುಕ್ರಮದಿಂದ ಕೊಟ್ಟುಬಿಟ್ಟಿದ್ದಾನೆ. ದ್ರೌಪದಿಯೂ ಆ ಸಾಲಿನಲ್ಲಿ ಇಲ್ಲ ಎಂಬುದು ಮಾತ್ರ ನನಗೆ ಕೊರತೆಯಾಗಿಯೇ ಉಳಿದಿದೆ.

ಜಮಖಂಡಿಯ ಗೆಳೆಯರೊಬ್ಬರ ವಾದ ಬೇರೆ. ಕಾಲಾನುಕ್ರಮದಲ್ಲೇ ಓದಬೇಕು, ಪಂಪನನ್ನು ಓದದೆ ರನ್ನನನ್ನು ಹಿಡಿದರೆ ಯಾವುದು ಸಾಲ, ಯಾವುದು ಸ್ವಂತ ಗಳಿಕೆ ಎಂದು ಹೇಗೆ ತಿಳಿದೀತು ಎನ್ನುತ್ತಾರೆ. ಪಾಠ ಮಾಡುವವರಿಗೆ ಅದು ಸರಿ. ನನ್ನಂಥ ಬರೀ ಓದುಗರಿಗೆ ತಿರುಗಿಸಿ ಓದುವುದೇ ಹಿತ. ಕುಮಾರವ್ಯಾಸನಿಂದ ಕಥೆಯ ಓಟ ಕಿವಿಗೆ ಕೂರುತ್ತದೆ, ರನ್ನನ ಹತ್ತಿರ ಹಳಗನ್ನಡ ಪಳಗುತ್ತದೆ, ಆಮೇಲೆ ಪಂಪನ ಬಿಗಿ ಭಾರ ಅನಿಸುವುದಿಲ್ಲ. ಕಥೆಯ ಸಣ್ಣಪುಟ್ಟ ಎಳೆ ತಪ್ಪಿದರೆ ಎ.ಆರ್.ಕೃಷ್ಣಶಾಸ್ತ್ರಿಗಳ ವಚನಭಾರತ ನೋಡಿಕೊಂಡರಾಯಿತು.

‘ಫಣಿಪತಿಯ ಹೆಡೆಯ ರತ್ನವನ್ನೂ ರನ್ನನ ಕೃತಿರತ್ನವನ್ನೂ ಪರೀಕ್ಷಿಸುವವನಿಗೆ ಎಂಟೆದೆ ಇದೆಯೇ’ ಎಂದು ಕವಿ ಕೇಳಿದ್ದಾನೆ. ಆ ಸವಾಲಿಗೆ ಹೆದರಿ ದೂರ ನಿಂತವರು ನಮ್ಮೂರಲ್ಲೇ ಎಷ್ಟೋ ಜನ. ಅವರಲ್ಲಿ ಒಂದೇ ಪುಸ್ತಕಕ್ಕೆ ವ್ಯವಧಾನ ಇರುವವರಿದ್ದರೆ ಅವರ ಕೈಗೆ ನಾನು ಗದಾಯುದ್ಧವನ್ನೇ ಕೊಡುತ್ತೇನೆ. ಮೊದಲ ಪುಟದಿಂದ ಶುರು ಮಾಡಬೇಕಿಲ್ಲ. ದುರ್ಯೋಧನ ಸಂಜಯನೊಡನೆ ರಣರಂಗಕ್ಕೆ ಕಾಲಿಡುವಲ್ಲಿ ಹಿಡಿದು ಭೀಷ್ಮನ ಮುಂದಿನ ಮಾತಿನ ತನಕ ಗಟ್ಟಿಯಾಗಿ, ಸಾಧ್ಯವಾದರೆ ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಓದಿ. ಭೀಮನ ಪ್ರತಾಪದ ಆಶ್ವಾಸಗಳಿಗೆ ಆಮೇಲೆ ಬರಬಹುದು.