ಮೂರು ವರ್ಷ ಬಳಸಿದ ಫ್ಯೂಯೆಲ್ ಪ್ರೆಶರ್ ಗೇಜ್: ಜಿಪ್ಸಿಗೂ ಆಯ್ತು, ವಿಮಾನಕ್ಕೂ ಆಯ್ತು

ಸಕಲೇಶಪುರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ಬರುವುದೆಲ್ಲ ತೋಟದವರ ಹಳೇ ಜೀಪು, ಕಾರ್ಬುರೇಟರ್ ಜಿಪ್ಸಿ. ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ 1,850 ರೂಪಾಯಿ ಕೊಟ್ಟು ಪಂಪಿನಿಂದ ಬರುವ ಪೆಟ್ರೋಲಿನ ಒತ್ತಡ ಅಳೆಯುವ ಈ ಗೇಜ್ ಕಿಟ್ ತರಿಸಿದೆ. 0ಯಿಂದ 15 ಪಿಎಸ್‌ಐ (ಒತ್ತಡದ ಅಳತೆ) ಡಯಲ್, ಒಳಗೆ ಗ್ಲಿಸರಿನ್, ಜೊತೆಗೆ ಒಂದು ಹೋಸ್, ಹಿತ್ತಾಳೆಯ ಟಿ ಆಕಾರದ ಜಾಯಿಂಟ್, ನಾಲ್ಕು ಕ್ಲಿಪ್. ಅದೇ ರೇಟಿಗೆ 100 ಪಿಎಸ್‌ಐದು ಸಿಗುತ್ತದೆ, ಅದನ್ನು ತಗೋಬೇಡಿ. ಕಾರ್ಬುರೇಟರ್ ಗಾಡಿಯ ಪಂಪ್ ಕೊಡುವುದೇ ಮೂರ್ನಾಲ್ಕು ಪಿಎಸ್‌ಐ, ಅಷ್ಟಕ್ಕೆ ಅದರ ಮುಳ್ಳು ಎದ್ದಿದ್ದೂ ಗೊತ್ತಾಗುವುದಿಲ್ಲ.

ಕ್ಲಿಪ್‌ಗಳು ದಂಡ. ಮೊದಲ ದಿನವೇ ಪೆಟ್ರೋಲ್ ಒಸರಿತು, ಬಿಸಾಕಿ ಬೇರೆ ಹಾಕಿದೆ. ಹೋಸ್ ಎರಡನೇ ವರ್ಷ ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಟ್ಟಿತು.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ಗೇಜಿನ ತಲೆ ಮೇಲಿರುವ ಪುಟ್ಟ ರಬ್ಬರ್ ಬಿರಡೆ. ತರಿಸಿದ ತಿಂಗಳಲ್ಲೇ ಒಂದು ಜಿಪ್ಸಿ ಬಂತು, ಶಿರಾಡಿ ಘಾಟಿ ಹತ್ತುವಾಗ ಮಿಸ್ ಹೊಡೆಯುತ್ತದೆ ಅಂತ. ಗೇಜ್ ಹಾಕಿದರೆ ಎರಡು ಪಿಎಸ್‌ಐ. ಪಂಪ್ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ, ಅದರಲ್ಲೂ ಎರಡೇ! ತಲೆ ಕೆರೆದುಕೊಂಡು ಕೂತಾಗ ಸುಮ್ನೆ ಆ ಬಿರಡೆ ಎತ್ತಿದೆ. ಫುಸ್ ಅಂತು, ಮುಳ್ಳು ಮೂರೂವರೆಗೆ ಹೋಗಿ ನಿಂತಿತು. ವಿಷಯ ಏನೆಂದರೆ, ಸಕಲೇಶಪುರ ಇರುವುದು ಸಾವಿರ ಮೀಟರ್‌ಗೆ ಹತ್ತಿರದ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ತಗ್ಗಿನ ಊರಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಮುಳ್ಳು ತಿರುಗಿಸುವ ಒಳಗಿನ ಕೊಳವೆಯನ್ನು ಹೊರಗಿನಿಂದ ಒತ್ತುತ್ತಿರುತ್ತದೆ, ಗೇಜ್ ಅಷ್ಟೂ ಕಡಿಮೆ ತೋರಿಸುತ್ತದೆ. ಸೊನ್ನೆಯ ಹತ್ತಿರ ಮುಳ್ಳಿಗೆ ತಡೆ ಇರುವುದರಿಂದ ಸುಮ್ನೆ ಇಟ್ಟಾಗ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಹಳೇ ಪಂಪ್ ವಾಪಸ್ ಹಾಕಿದೆ, ಚೆನ್ನಾಗೇ ಇತ್ತು. ನಿಜವಾದ ತೊಂದರೆ ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಮಣ್ಣು ಮೆತ್ತಿದ್ದು. ಗಿರಾಕಿಗೆ ಪಂಪಿನ ದುಡ್ಡು ವಾಪಸ್ ಕೊಡುವಾಗ ಆದ ಮುಜುಗರ ಬೇರೆ.

ಇನ್ನು ವಿಮಾನದ ಕಥೆ. ನಮ್ಮ ಭಾವ ಲೈಸೆನ್ಸ್ ಇರುವ ವಿಮಾನ ಇಂಜಿನಿಯರ್. ಹಾಸನದ ವಿಮಾನ ನಿಲ್ದಾಣದ ಜಾಗವಾದ ಬೂವನಹಳ್ಳಿಯಲ್ಲೇ ವಿಮಾನ ಇಳಿಯುವ ಕಾಲ ಬರಲಿ, ಅಲ್ಲಿವರೆಗೆ ಅವರನ್ನು ನೋಡಲು ನಾವೇ ಹಾಸನ ಜಿಲ್ಲೆ ದಾಟಿ ಹೋಗಬೇಕು. ಕಳೆದ ವರ್ಷ ಅವರ ಕೈಯಲ್ಲಿ ಎರಡು ಸೀಟಿನ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ) ಇತ್ತು, ರೋಟಾಕ್ಸ್ 912 ಇಂಜಿನ್. ಪ್ಯಾನೆಲ್ಲಿನ ಫ್ಯೂಯೆಲ್ ಪ್ರೆಶರ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಈ ಇಂಜಿನ್ನಿಗೆ ಸಾಮಾನ್ಯವಾಗಿ 2.2ರಿಂದ 5.8 ಪಿಎಸ್‌ಐ ಇರಬೇಕು, ಅದು ಒಂದಕ್ಕೆ ಇಳಿದು ಏಳಕ್ಕೆ ಹಾರುತ್ತಿತ್ತು. ಇಂಜಿನ್ ಮಾತ್ರ ಗಡಿಯಾರದ ಹಾಗೆ ಓಡುತ್ತಿತ್ತು. ಅವರ ಗೇಜ್ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿ ಇದೆಯಾ ಅಂತ ಪರೀಕ್ಷೆಗೆ ಹೋಗಿತ್ತು. 'ನಿನ್ನ ಆ ಬಿರಡೆ ಗೇಜ್ ತಗೊಂಡು ಬಾರೋ' ಅಂದರು.

ಮೊದಲು ಬಿರಡೆ ಎತ್ತಿ ಮುಚ್ಚಿದೆವು. ಚಕ್ರಕ್ಕೆ ಅಡ್ಡಗಟ್ಟೆ, ಬಾಲಕ್ಕೆ ಹಗ್ಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಪಂಪ್ ಆದ ಮೇಲಿನ ಪೈಪಿಗೆ ಟಿ ಹಾಕಿದ್ದು ಭಾವನೇ, ನಾನು ಮುಟ್ಟಲಿಲ್ಲ. ಇಂಜಿನ್ ಶುರು ಮಾಡಿದರೆ ನನ್ನ ಮುಳ್ಳು ನಾಲ್ಕರಲ್ಲಿ ನಿಂತಿತು. ಸ್ವಲ್ಪ ನಡುಗುತ್ತಿತ್ತು, ಆದರೆ ಅದು ಡಯಾಫ್ರಾಮ್ ಪಂಪಿನ ಬಡಿತ, ಇರುವುದೇ ಹಾಗೆ. ಪ್ಯಾನೆಲ್ ಮಾತ್ರ ಅದೇ ಕುಣಿತ. ಎಲೆಕ್ಟ್ರಿಕ್ ಪಂಪ್ ಹಾಕಿ ನೋಡಿದರೂ ಅದೇ. ಆಮೇಲೆ ಭಾವ ರೆಕ್ಕೆಯ ಮಿನುಗು ದೀಪ ಹಚ್ಚಿದರು, ದೀಪ ಮಿನುಗಿದ ಹಾಗೆಲ್ಲ ಪ್ಯಾನೆಲ್ ಅಂಕಿ ಜಿಗಿಯಿತು. ಪೆಟ್ರೋಲಿಗೂ ದೀಪಕ್ಕೂ ಏನು ಸಂಬಂಧ, ಅಲ್ವಾ? ಹುಡುಕಿದರೆ ಸೆನ್ಸರ್‌ನ ಅರ್ಥ್ ವೈರ್ ಬೋಲ್ಟಿನ ಕೆಳಗೆ ಹಸಿರು ಕಿಲುಬು. ಉಜ್ಜಿ ಬಿಗಿದ ಮೇಲೆ ಎರಡೂ ನಾಲ್ಕರಲ್ಲಿ ನಿಂತವು. ಈ ಗೇಜ್ ಇಲ್ಲದೆ ಹೋಗಿದ್ದರೆ ಅವರೂ ಒಂದು ಪಂಪ್ ತರಿಸುತ್ತಿದ್ದರೇನೋ, ಅದರ ರೇಟ್ ಕೇಳಿದರೆ ನನ್ನ ಜಿಪ್ಸಿ ಪಂಪ್ ಕಡಲೆಪುರಿ.

ಅವರ ಗೇಜ್ ವಾಪಸ್ ಬಂದ ಮೇಲೆ ಮತ್ತೊಮ್ಮೆ ನೋಡಿಯೇ ಸಹಿ ಹಾಕಿದರು. ನನ್ನದಕ್ಕೂ ಅದಕ್ಕೂ ವ್ಯತ್ಯಾಸ 0.2 ಪಿಎಸ್‌ಐ ಅಷ್ಟೇ. ಹಾಗಂತ ಇದನ್ನು ಸಿಕ್ಕಿಸಿಕೊಂಡು ಹಾರಲು ಹೋಗಬೇಡಿ, ನೆಲದ ಮೇಲೆ ನೋಡಿ ಬಿಚ್ಚಿಡುವ ಸಾಮಾನು ಇದು. ಅಂದಹಾಗೆ ಆ ಇಂಜಿನ್ನಿನ ರಬ್ಬರ್ ಪೈಪ್‌ಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕಂತೆ. ಎಥನಾಲ್ ಶೇ. 10ಕ್ಕಿಂತ ಜಾಸ್ತಿ ಇರುವ ಪೆಟ್ರೋಲಿಗೆ ಕಂಪನಿಯ ಒಪ್ಪಿಗೆ ಇಲ್ಲ, ಬಂಕಿನಲ್ಲಿ ಈಗ ಸಿಗುವುದು 20ರದ್ದು, ಹಾಗಾಗಿ ಅವರು ವಿಮಾನದ ಪೆಟ್ರೋಲನ್ನೇ ಹಾಕುತ್ತಾರೆ. ಐದು ವರ್ಷದ ಮಾತು ಕೇಳಿ ಬಂದ ಮೇಲೆ ನಾನು ಜಿಪ್ಸಿಗಳ ಪೈಪನ್ನೂ ಬಗ್ಗಿಸಿ ನೋಡುತ್ತೇನೆ.

ಗ್ಲಿಸರಿನ್ ಈಗ ಸ್ವಲ್ಪ ಹಳದಿಯಾಗಿದೆ, ಅಂಕಿ ಕಾಣುತ್ತದೆ. ಐದಕ್ಕೆ ಮೂರೂವರೆ ಸ್ಟಾರ್. ಕ್ಲಿಪ್ಪಿಗೂ ಹೋಸಿಗೂ ಸೇರಿ ಒಂದು ಕಳೆದೆ, ಬಿರಡೆ ಬಗ್ಗೆ ಡಬ್ಬದ ಮೇಲೆ ಒಂದು ಸಾಲೂ ಬರೆಯದ್ದಕ್ಕೆ ಅರ್ಧ.